ಆ ಹುಡುಗಿಯ ಹಾಡಿಗೆ ನಾನು ಬಾರಿಸಿದ ಗಂಟೆ

ಹೋದ ವರ್ಷ ಲಿಂಗಸುಗೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳ ಗಾಯನ ಸ್ಪರ್ಧೆ ಇತ್ತು. ತಾವೇ ಬರೆದ ಹಾಡನ್ನು ಹಾಡಬೇಕೆಂಬುದು ನಿಯಮ. ಮಸ್ಕಿಯಲ್ಲಿ ವರ್ಷಗಟ್ಟಲೆ ಶಾಲಾಮಕ್ಕಳಿಗೆ ವಚನ ಹಾಡಲು ಕಲಿಸಿದ ನನ್ನನ್ನು ತೀರ್ಪುಗಾರಳಾಗಿ ಕರೆದಿದ್ದರು. ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಗತ್ತಿನಿಂದ ಕೂತಿದ್ದೆ. ಎದುರಿಗೆ ಒಂದು ಮೈಕು, ಸಮಯ ಮುಗಿದರೆ ಬಾರಿಸಲು ಒಂದು ಗಂಟೆ.

ಮೌಸುಮಿ ಎಂಬ ಹುಡುಗಿ ಗಿಟಾರ್ ಹಿಡಿದು ಬಂದಳು. ಹೆಸರು ಹೊಸದೆನಿಸಿ ಮೈಕಿನಲ್ಲೇ ಕೇಳಿದೆ, "ಯಾವೂರವ್ವಾ ನಿಂದು?"

"ಸಿಂಧನೂರ್ರೀ ಮೇಡಂ."

"ಅಲ್ಲವ್ವಾ, ಅಸಲ್ ಊರು?"

"ಅದೇ ರೀ. ಅಲ್ಲೇ ಬಂಗಾಳಿ ಕ್ಯಾಂಪಿನ್ಯಾಗ ಹುಟ್ಟೀನಿ. ನಮ್ಮವ್ವನೂ ಅಲ್ಲೇ ಹುಟ್ಯಾಳ."

"ಹಂಗಂದ್ರ ಬಂಗಾಳದಾಕಿ ಅನ್ನು," ಎಂದೆ. ಸಭೆ ನಕ್ಕಿತು. ನಿರಾಶ್ರಿತರಾಗಿ ಬಂದವರು ಸಿಂಧನೂರಿನ ಸುತ್ತ ಮೂರು ತಲೆಮಾರಿನಿಂದ ನೆಲೆಸಿರುವುದು ನನಗೇನು ಗೊತ್ತಿರಲಿಲ್ಲವೇ? ಗೊತ್ತಿತ್ತು. ಜನ ನಕ್ಕರೆ ನನಗೆ ಹುರುಪು ಜಾಸ್ತಿ, ಅಷ್ಟೇ.

ಆಕೆ ಹಾಡಿದ್ದು ಈಗಿನವರು ರಾಕ್ ಎನ್ನುವ ಬಗೆಯ ಹಾಡು. ಮೆಲ್ಲಗೆ ಶುರುಮಾಡಿದವಳು ಒಮ್ಮೆಲೇ ಗಂಟಲು ಹರಿಯುವಂತೆ ಕೂಗಿದಳು. ಐದು ನಿಮಿಷದ ಅವಕಾಶವಿತ್ತು. ನಾನು ಎರಡನೇ ನಿಮಿಷಕ್ಕೇ ಗಂಟೆ ಬಾರಿಸಿ, "ಹಾಡಾಕ ಬಂದೀಯೋ, ಒದರಾಕ ಬಂದೀಯೋ?" ಎಂದೆ. ಮತ್ತೆ ನಗು. ಆಕೆ ಗಿಟಾರಿನ ವೈರ್ ತೆಗೆದು, ಸುತ್ತಿಕೊಂಡು, ಇಳಿದು ಹೋದಳು.

ಸ್ಪರ್ಧಿಗಳು ಹಾಡಿನ ಪ್ರತಿಯನ್ನು ಮೊದಲೇ ನಮಗೆ ಕೊಟ್ಟಿರುತ್ತಾರೆ. ಅದನ್ನು ಓದಿಕೊಂಡು ಕೇಳಬೇಕು. ನಾನು ಮೌಸುಮಿಯ ಹಾಳೆಯ ಮೇಲೆ ಮಿರ್ಚಿ ಬಜಿಯ ಪ್ಲೇಟು ಇಟ್ಟಿದ್ದೆ. ಎಲ್ಲ ಮುಗಿದು ಕಾಗದ ಜೋಡಿಸುವಾಗ ಎಣ್ಣೆ ಹತ್ತಿದ ಆ ಹಾಳೆಯನ್ನು ಓದಿದೆ.

"ಊರು ಕೇಳ್ತೀರಿ, ಹೇಳ್ತೀನಿ
ಹೇಳಿದ್ದು ಬಿಟ್ಟು ಇನ್ನೊಂದು ಕೇಳ್ತೀರಿ
ಮೆಲ್ಲಗ ಹೇಳಿದ್ರ ಕೇಳಸಂಗಿಲ್ಲ
ಕೂಗಿ ಹೇಳಿದ್ರ ಒದರ್ತಾಳಂತೀರಿ"

ಮುಖಕ್ಕೆ ಹೊಡೆದಂತಾಯಿತು. ಆಕೆ ಬರೆದದ್ದನ್ನೇ ನಾನು ಒಂದೂ ಬಿಡದೆ ಮಾಡಿ ತೋರಿಸಿದ್ದೆ.

ಸಂಜೆ ಊರಿಗೆ ಮರಳಲು ಮಸ್ಕಿ ಮೇಲೆ ಹೋಗುವ ಸಿಂಧನೂರು ಬಸ್ಸು ಹತ್ತಿದೆ. ಅದೇ ಬಸ್ಸಿನಲ್ಲಿ ಮೌಸುಮಿ ಮುಂದಿನ ಸೀಟಿನಲ್ಲಿ ಒಬ್ಬಳೇ ಇದ್ದಳು. ಆಕೆಯ ಕಾಲೇಜಿನವರೆಲ್ಲ ಹಿಂದೆ ಗದ್ದಲ ಮಾಡುತ್ತಿದ್ದರು. ಪಕ್ಕದಲ್ಲಿ ಕೂತು, ಬಗ್ಗಿ, ಮೆಲ್ಲಗೆ ಹೇಳಿದೆ, "ತಪ್ಪಾತವ್ವಾ. ನಿನ್ನ ಹಾಡು ಓದೀನಿ. ಈಗ ಹಾಡು, ಪೂರಾ ಕೇಳ್ತೀನಿ."

ಆಕೆ ಸಿಟ್ಟಾಗಲಿಲ್ಲ. "ನೀವು ಓದೀರಲ್ರೀ ಮೇಡಂ, ಸಾಕು. ನಾ ಬರದಿದ್ದು ಅವ್ರು ಕೇಳ್ಲಿ ಅಂತ," ಎಂದು ಹಿಂದಿನ ಸೀಟುಗಳ ಕಡೆ ಕತ್ತು ಹೊರಳಿಸಿದಳು. "ಬಂಗಾಳದಾಕಿ ಅಂತ ಆಗಿಂದ ಕರಿಯಾಕತ್ತಾರ."

ನಾನು ಎದ್ದು ನಿಂತು, ತಪ್ಪು ನನ್ನದೆಂದು ಅವರಿಗೆ ಕೇಳುವಂತೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಸ್ಕಿ ಬರುವವರೆಗೂ ಹೇಳಬೇಕು, ಹೇಳಬೇಕು ಎಂದುಕೊಂಡೇ ಕೂತಿದ್ದೆ. ಹೇಳದೆ ಇಳಿದೆ. ಇಳಿಯುವಾಗ ಆಕೆ, "ಹುಷಾರ್ರೀ ಮೇಡಂ," ಎಂದು ನನಗೆ ದಾರಿ ಬಿಟ್ಟಳು.

ನಗಿಸಿದ್ದು ಮೈಕಿನಲ್ಲಿ, ಕ್ಷಮೆ ಕೇಳಿದ್ದು ಪಿಸುಮಾತಿನಲ್ಲಿ. ನನ್ನ ಆ ಹೇಡಿತನಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.