ಹಸಿರು ತೇಪೆ

ಬೀದರಿನ ಧಾನ್ಯದ ಮಾರುಕಟ್ಟೆ ಗಾಂಧಿ ಗಂಜಿನಲ್ಲಿ, ಮುರ್ತುಜಾನ ಚಹಾದಂಗಡಿಯ ಮೇಲಿನ ಕೋಣೆಯೇ ಮಚ್ಛೇಂದ್ರನ ಫೋಟೋ ಸ್ಟುಡಿಯೋ. ಔರಾದ ತಾಲ್ಲೂಕಿನ ಎಕಂಬಾದವನು, ಬಿ.ಎ. ಓದಿದವನು, ನಲವತ್ತು ದಾಟಿದವನು. ಹದಿನೈದು ವರ್ಷದಿಂದ ಅವನ ಹೊಟ್ಟೆ ತುಂಬಿಸಿದ್ದು ಫೋಟೋ ಜೋಡಿಸುವ ಕೆಲಸ. ಮದುವೆಗೆ ಬಾರದ ಸೋದರಮಾವನನ್ನು ಆಲ್ಬಮ್ಮಿನೊಳಗೆ ತಂದು ನಿಲ್ಲಿಸು, ತೀರಿಹೋದ ಅಜ್ಜಿಯನ್ನು ಮೊಮ್ಮಗನ ತೊಟ್ಟಿಲ ಪಕ್ಕ ಕೂರಿಸು, ಹರಕು ಅಂಗಿಯವನಿಗೆ ಕೋಟು ತೊಡಿಸು. ಸಾಕು ಸಾಕಾಗಿ ಹೋಗಿತ್ತು ಅವನಿಗೆ. ಕಂಡವರ ತಲೆಯನ್ನು ಕಂಡವರ ಕತ್ತಿಗೆ ಅಂಟಿಸುತ್ತಲೇ ಸಾಯಬೇಕೇನು ನಾನು?

ಆ ಸಿಟ್ಟಿನಲ್ಲೇ ಎರಡು ವರ್ಷದಿಂದ ಬೇರೊಂದು ಹಟಕ್ಕೆ ಬಿದ್ದಿದ್ದ. ಬೆಳಿಗ್ಗೆ ಗಂಜಿಗೆ ಇಳಿದು ಚೀಲದ ರಾಶಿ, ಕೈಗಾಡಿ, ಲಾರಿಯ ಹಗ್ಗ, ಮೂಟೆ ಹೊರುವ ಹಮಾಲರ ಬೆನ್ನು, ಕಂಡದ್ದೆಲ್ಲ ಕ್ಯಾಮೆರಾಕ್ಕೆ ತುಂಬಿಕೊಳ್ಳುತ್ತಿದ್ದ. ಆಮೇಲೆ ಕಂಪ್ಯೂಟರಿನಲ್ಲಿ ನಲವತ್ತು ಫೋಟೋಗಳನ್ನು ಒಂದರ ಮೇಲೊಂದು ಹಾಸಿ, ಇದನ್ನು ತೆಳು ಮಾಡಿ, ಅದನ್ನು ಗಾಢ ಮಾಡಿ, ಕೊನೆಗೆ ಗಂಜೂ ಇಲ್ಲ ಗಾಡಿಯೂ ಇಲ್ಲ, ಬರೀ ಬಣ್ಣ, ಗೆರೆ, ಧೂಳು ಉಳಿಯುವಂತೆ ಮಾಡುತ್ತಿದ್ದ. ಮುಖಗಳನ್ನಂತೂ ಮೊದಲೇ ಒರೆಸಿಬಿಡುತ್ತಿದ್ದ. ಒಂದು ಮುಖ ಉಳಿದರೂ ಜನ ‘ಇಂವ ಯಾರು’ ಅಂತ ಶುರು ಮಾಡುತ್ತಾರೆ. ಚಿತ್ರ ಅಲ್ಲಿಗೆ ಮುಗಿಯಿತು. ಚಿತ್ರ ಸಿದ್ಧವಾದ ಮೇಲೆ ಮೂಲ ಫೋಟೋಗಳನ್ನು ಅಳಿಸಿಹಾಕುವುದು ಅವನ ರೂಢಿ. ಹಳೆಯ ಕಂಪ್ಯೂಟರು, ಜಾಗ ಸಾಲದು. ಮದುವೆ ಫೋಟೋ ಅಳಿಸಿದರೆ ಗಿರಾಕಿ ಸುಮ್ಮನೆ ಬಿಟ್ಟಾನೆಯೇ? ಅಳಿಸುವುದಾದರೆ ಇವನ್ನೇ.

ಇಷ್ಟೆಲ್ಲ ಮಾಡಿದ್ದಕ್ಕೆ ಸಿಕ್ಕ ಮರ್ಯಾದೆ ಕೇಳಬೇಕು!

“ಮಚ್ಛೇಂದ್ರ ಭಾಯಿ, ನಿಮ್ಮ ಕ್ಯಾಮೆರಾಕ್ಕ ಜ್ವರ ಬಂದದೇನ್ರಿ?” ಎಂದ ಮುರ್ತುಜಾ.

“ಇಷ್ಟು ಓದಿ, ಕಡೀಗಿ ಬಣ್ಣ ಚೆಲ್ಲಿ ಕುಂತಿ ನೋಡಪಾ,” ಎಂದಳು ತಾಯಿ ಸುಭದ್ರಾಬಾಯಿ.

ಒಂದು ಚಿತ್ರವನ್ನು ನಿಂತು ನೋಡುವ ಕಣ್ಣು ಈ ಊರಲ್ಲಿ ಯಾರಿಗೂ ಇಲ್ಲವೇ ಎಂದು ಮಚ್ಛೇಂದ್ರ ಒಳಗೊಳಗೇ ಕುದಿಯುತ್ತಿದ್ದ.

ಅದು 2016ರ ಬೇಸಿಗೆ. ಮಳೆಯಿಲ್ಲದೆ, ತೊಗರಿ ಬಾರದೆ ಗಂಜು ಭಣಗುಡುತ್ತಿತ್ತು, ಹಮಾಲರೆಲ್ಲ ಕೂಲಿ ಹುಡುಕಿ ಹೈದರಾಬಾದು, ಪುಣೆ ಹಿಡಿದಿದ್ದರು. ಅವರು ಹೊರಟ ದಿನಗಳ ಫೋಟೋಗಳಿಂದಲೇ ಮಾಡಿದ ಒಂದು ಚಿತ್ರ ಅಂತೂ ಇಂತೂ ಕಲಬುರಗಿಯ ಪ್ರದರ್ಶನಕ್ಕೆ ಆಯ್ಕೆಯಾಯಿತು. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಚೌಕಟ್ಟು ಕಟ್ಟಿಸಿ, ಕಳಿಸಲೆಂದು ಗೋಡೆಗೆ ಒರಗಿಸಿಟ್ಟಿದ್ದ.

ಅದನ್ನು ಕಳಿಸಬೇಕಿದ್ದ ಮಧ್ಯಾಹ್ನ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದಳು.

“ಗುರುತು ಸಿಕ್ಕಿತೇನ್ರಿ ಸಾಹೇಬ್ರ? ನಾ ಖಟಕ ಚಿಂಚೋಳಿ ಜನಾಬಾಯಿ. ಇಲ್ಲೇ ಕೆಳಗ ಹಮಾಲಿ ಮಾಡ್ತಿದ್ರಲ್ಲ, ಅವರ ಮನ್ಯಾಕಿ.”

ಗಂಡನ ಹೆಸರು ಆಕೆ ಹೇಳಲಿಲ್ಲ. ಮಚ್ಛೇಂದ್ರನಿಗೇ ನೆನಪಾಯಿತು: ಮಡೆಪ್ಪ. ಹೈದರಾಬಾದಿಗೆ ಹೊರಟ ದಿನ ಖಾಲಿ ಕೈಗಾಡಿಯ ಮೇಲೆ ಕೂತು, ಅಂಗೈಯಿಂದ ತಲೆ ಸವರಿಕೊಂಡು, “ನಂದೂ ಒಂದು ಛಲೋ ತಗೀರಿ, ತಿರುಗಿ ಬಂದಾಗ ಒಯ್ತೇನಿ,” ಅಂದಿದ್ದ. ಆಗಲಿ ಎಂದು ಫೋಟೋ ತೆಗೆದು ಮಾತು ಕೊಟ್ಟಿದ್ದವನು ತಾನೇ.

“ಎರಡು ತಿಂಗಳಾತ್ರಿ, ಫೋನ್ ಹತ್ತವಲ್ದು. ಸಂಗಡ ಹೋದವರು ನಮ್ಮ ಕಡಿ ಇಲ್ಲ ಅಂತಾರ. ಠಾಣೇದಾಗ ಫೋಟೋ ತಗೊಂಡು ಬಾ ಅಂದಾರ. ಆಧಾರ್ ಕಾರ್ಡು ಅವರ ಕಿಸೇದಾಗೇ ಹೋಗ್ಯದ. ರೇಷನ್ ಕಾರ್ಡಿನಾಗ ಮಸಿ ಬಳದಂಗ ಕಾಣ್ತದ. ಆವತ್ತು ನೀವು ತಗದಿದ್ದು ಕೊಡ್ರಿ.”

ಮಚ್ಛೇಂದ್ರ ಕಂಪ್ಯೂಟರು ಜಾಲಾಡಿದ, ಹಳೆಯ ಸಿ.ಡಿ.ಗಳನ್ನು ಹಾಕಿ ಹಾಕಿ ತೆಗೆದ. ಕ್ಯಾಮೆರಾದ ಕಾರ್ಡಿನ ತುಂಬ ಯಾರದೋ ನಿಶ್ಚಿತಾರ್ಥ. ಥೂ, ನನ್ನ ಬುದ್ಧಿಗಿಷ್ಟು! ಸತ್ತ ಅಜ್ಜಿಯಂದಿರನ್ನೆಲ್ಲ ಎಬ್ಬಿಸಿ ಕೂರಿಸಿದ ಈ ಕೈಗೆ, ಕಣ್ಣೆದುರು ಕೂತಿದ್ದ ಮನುಷ್ಯನನ್ನು ಉಳಿಸಿಕೊಳ್ಳಲು ಆಗಲಿಲ್ಲವಲ್ಲ!

ಅಷ್ಟರಲ್ಲಿ ಜನಾಬಾಯಿ ಗೋಡೆಯ ಚಿತ್ರದ ಮುಂದೆ ಹೋಗಿ ನಿಂತಿದ್ದಳು. ಬಹಳ ಹೊತ್ತು ನಿಂತಳು. ಯಾರೂ ಅದನ್ನು ಅಷ್ಟು ಹೊತ್ತು ನೋಡಿರಲಿಲ್ಲ. ಆಮೇಲೆ ಕೂತು, ಎಡಗಡೆಯ ಕೆಳಮೂಲೆಯಲ್ಲಿ ಬೆರಳಿಟ್ಟಳು. ಕಂದು ಬಣ್ಣಗಳ ನಡುವೆ ಒಂದು ಹಸಿರು ಚೂರು. ಅದು ಚೆನ್ನಾಗಿ ಕೂತಿತೆಂದು ಮಚ್ಛೇಂದ್ರ ತಾನೇ ತನ್ನ ಬೆನ್ನು ತಟ್ಟಿಕೊಂಡಿದ್ದ.

“ಇದು ನಮ್ಮವರ ಅಂಗಿ. ಈ ತ್ಯಾಪಿ ನಾನೇ ಹಚ್ಚಿದ್ದು, ನನ್ನ ಸೀರಿ ಹರದು,” ಎಂದಳು. ಆಕೆಯ ದನಿಯಲ್ಲಿ ಜೀವ ಬಂದಿತ್ತು. “ಇಲ್ಲೇ ಅದಾರ ನೋಡ್ರಿ. ಮಾರಿ ಎಲ್ಲಿ ಇಟ್ಟೀರಿ? ಅದಷ್ಟು ಕೊಡ್ರಿ, ನಾಕರ ಬಸ್ಸಿಗಿ ಹೋಗ್ತೇನಿ.”

ಆ ಮುಖದ ಬಗ್ಗೆ ಸುಳ್ಳು ಹೇಳಲು ಮಚ್ಛೇಂದ್ರನಿಗೆ ಆಗಲಿಲ್ಲ.

“ಮಾರಿ ಇಲ್ರೀ ಅಕ್ಕಾ. ಎಲ್ಲಾರದೂ ಅಳಿಸಿಬಿಟ್ಟೆ. ಚಿತ್ರಕ್ಕ ಬ್ಯಾಡ ಅನಿಸ್ತು.”

ಆಕೆ ಚಿತ್ರದ ಮೇಲಿನ ಬೆರಳು ತೆಗೆಯದೆ ಅವನತ್ತ ತಿರುಗಿದಳು. ಸಿಟ್ಟಿಗೇಳಲಿಲ್ಲ, ನಿಜವಾಗಿಯೇ ತಿಳಿಯದೆ ಕೇಳಿದಳು:

“ಯಾಕ್ರಿ? ಅಷ್ಟು ಕೆಟ್ಟಿತ್ತೇನ್ರಿ ಅವರ ಮಾರಿ?”