ಸೀಟಿನ ಚರ್ಮದ ವಾಸನೆ

ಇದು ನಡೆದದ್ದು ಕಳೆದ ಚಳಿಗಾಲದಲ್ಲಿ. ಜರ್ಮನಿಯಲ್ಲಿ ನಾನಿರುವ ಕಂಪನಿ ದೂರದ ಪ್ರಯಾಣಕ್ಕೆಂದೇ ಒಂದು ದುಬಾರಿ ಕಾರನ್ನು ರೂಪಿಸುತ್ತಿತ್ತು. ಅದರ ಸೀಟಿನ ಚರ್ಮವನ್ನು ಗಾಜಿನ ಜಾಡಿಯಲ್ಲಿ ಬಿಸಿ ಮಾಡಿ, ನಾವು ಐದು ಜನ ಮೂಸಿ ಅಂಕ ಕೊಡಬೇಕು. ಒಂದು ಅಂದರೆ ವಾಸನೆಯೇ ಇಲ್ಲ, ಆರು ಅಂದರೆ ತಡೆಯಲಾಗದು. ಮೂರು ದಾಟಿದರೆ ಚರ್ಮ ತಿರಸ್ಕಾರವಾಗುತ್ತದೆ. ಅದನ್ನು ಆರಿಸಿದ ಹುಬ್ಬಳ್ಳಿಯ ಗೆಳೆಯ ಪ್ರವೀಣನ ವರ್ಷದ ಶ್ರಮ ಮಣ್ಣುಪಾಲು. ಅವನು ಬಾಗಿಲ ಬಳಿ ನಿಂತಿದ್ದ.

ಸೆಂಟು, ಕಾಫಿ, ಬೆಳ್ಳುಳ್ಳಿ ಕೂಡದೆಂಬ ನಿಯಮ ಪಾಲಿಸಿಯೇ ನಾನು ಹೋಗಿದ್ದೆ. ನನಗೆ ಚರ್ಮದ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ. ಉಳಿದ ನಾಲ್ವರು ಜರ್ಮನ್ನರೂ ಮುಖ ಮುಖ ನೋಡಿಕೊಂಡು, "ತೆಂಗಿನಕಾಯಿ" ಅಂದರು.

ಪ್ರವೀಣ ನನ್ನ ತಲೆ ನೋಡಿದ. "ಎಣ್ಣಿ ಹಚ್ಚಿ ಬಂದೀಯೇನಲೇ?"

"ದಿನಾ ಹಚ್ಕೋತೀನಲ್ಲ ಗುರು. ಅದೇನು ಸೆಂಟಾ?"

"ನನ್ನ ಚರ್ಮಾ ಸುಲಿಸ್ತೀ ನೋಡು ಮಗನ!"

ತಂಡದ ಮುಖ್ಯಸ್ಥೆಗೆ ವಿಷಯ ತಿಳಿಸಿದೆ. ಅವರು ನಗಲಿಲ್ಲ. ಕಾರಣ ಖಚಿತವಾಗಲೆಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ನಾಲ್ವರಿಂದಲೂ ನನ್ನ ತಲೆಗೆ ಅಂಕ ಕೊಡಿಸಿದರು. ಆಮೇಲೆ ನನ್ನನ್ನು ಹೊರಗೆ ಕಳಿಸಿ, ಕಿಟಕಿ ತೆರೆದಿಟ್ಟು, ಹೊಸ ಜಾಡಿ ತರಿಸಿದರು.

ಚರ್ಮಕ್ಕೆ ಎರಡು ಬಂತು. ನನ್ನ ತಲೆಗೆ ನಾಲ್ಕು.