ಚಕ್ರದ ಕೆಳಗಿನ ಕಲ್ಲು

ನಾಗೇಶ, ಆ ಕಲ್ಲು ತೆಗೆದವಳು ನಾನು. ಟ್ರ್ಯಾಕ್ಟರಿನ ಚಕ್ರಕ್ಕೆ ನೀನು ಕಲ್ಲು ಕೊಟ್ಟಿದ್ದೆ, ನಾನು ತೆಗೆದೆ. ಇಷ್ಟು ಹೇಳುವುದಕ್ಕೆ ನಿನ್ನ ಅತ್ತಿಗೆಗೆ ಇಷ್ಟು ವರ್ಷ ಬೇಕಾಯಿತು.

ಆ ಚಳಿಗಾಲ ನಿನಗೂ ನೆನಪಿರಬೇಕು. ಕೆ.ಆರ್. ಪುರದಲ್ಲಿ ನಮ್ಮ ಹೊಲ ಲೇಔಟ್ ಆದ ಮೇಲೂ ಟ್ರ್ಯಾಕ್ಟರು ಉಳಿದಿತ್ತು. ಅದಕ್ಕೆ ಟ್ಯಾಂಕರು ಕಟ್ಟಿ ನೀನು ಮನೆಮನೆಗೆ ನೀರು ಹೊಡೆಯುತ್ತಿದ್ದೆ. ಬ್ಯಾಟರಿ ವೀಕಾಗಿತ್ತು. ಬೆಳಗಿನ ಚಳಿಗೆ ಕೀ ತಿರುಗಿಸಿದರೆ ಒಮ್ಮೆ ನರಳಿ ಸುಮ್ಮನಾಗುತ್ತಿತ್ತು. ಹೊಸದು ಹಾಕಿಸೋಣ ಅಂತ ನೀನು ಅಂದಾಗಲೆಲ್ಲ ನಿಮ್ಮಣ್ಣ, "ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಓಡುತ್ತೆ, ಆಮೇಲೆ ಅದೇ ಸರಿಹೋಗುತ್ತೆ ಬಿಡೋ" ಅನ್ನುತ್ತಿದ್ದರು. ಹಾಗಾಗಿ ನೀನು ಸಂಜೆ ಟ್ಯಾಂಕರು ಬಿಚ್ಚಿ, ಟ್ರ್ಯಾಕ್ಟರನ್ನು ಅಂಗಳದ ಇಳಿಜಾರಿನಲ್ಲಿ ಗೇರಿಗೆ ಹಾಕಿ ನಿಲ್ಲಿಸಿ, ಮುಂದಿನ ಚಕ್ರಕ್ಕೆ ಕಲ್ಲು ಕೊಡುತ್ತಿದ್ದೆ. ಬೆಳಿಗ್ಗೆ ನೀನು ಹತ್ತಿ ಗೇರು ಬಿಡಿಸಿದ ಮೇಲೆ ಯಾರಾದರೂ ಕಲ್ಲು ಎಳೆದರೆ ಗಾಡಿ ಉರುಳುತ್ತಿತ್ತು, ಉರುಳುವಾಗ ಮತ್ತೆ ಗೇರು ಹಾಕಿದರೆ ಸ್ಟಾರ್ಟ್ ಆಗುತ್ತಿತ್ತು.

ಆವತ್ತು ಸ್ನಾನದ ನೀರು ಕಾಯಿಸಲು ಹಿತ್ತಲಲ್ಲಿ ಒಲೆ ಹಚ್ಚಲು ಹೋದರೆ, ಮೂರು ಕಲ್ಲಲ್ಲಿ ಒಂದು ಸೀಳಿಹೋಗಿತ್ತು. ಚಳಿಗೆ ಕೈ ಮರಗಟ್ಟಿತ್ತು, ಹುಡುಕುವ ತಾಳ್ಮೆ ಇರಲಿಲ್ಲ. ನಿನ್ನ ಕಲ್ಲನ್ನು ಎಳೆದೆ. ಟ್ರ್ಯಾಕ್ಟರು ಅಲುಗಲಿಲ್ಲ — ಗೇರಿನಲ್ಲಿತ್ತಲ್ಲ. ನೀನು ಎದ್ದಾಗ ಹೇಳಿದರಾಯಿತು ಅಂದುಕೊಂಡೆ. ಆಮೇಲೆ ಹಾಲು, ಮಕ್ಕಳ ಡಬ್ಬಿ...

ನೀನು ಹತ್ತಿ, ಸರಿಯಾಗಿ ಕೂರುವ ಮೊದಲೇ ಗೇರು ಬಿಡಿಸಿದೆ. ಗಾಡಿ ಜಾರಿತು. ಕಾಂಪೌಂಡಿಗೂ ಮಡ್‌ಗಾರ್ಡಿಗೂ ನಡುವೆ ನಿನ್ನ ಕಾಲು.

ಆಸ್ಪತ್ರೆಯಲ್ಲಿ ನಿಮ್ಮಣ್ಣ, ಕಲ್ಲು ಕೊಡೋದು ಮರೆತೆ ಅಂತ ಎಲ್ಲರ ಮುಂದೆ ನಿನ್ನನ್ನು ಬೈದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳಬೇಕಾದವಳು ಮಂಚದ ಪಕ್ಕದಲ್ಲೇ ಕಿತ್ತಲೆ ಸುಲಿಯುತ್ತ ಕೂತಿದ್ದೆ. ನೀನು ನನ್ನ ಕಡೆ ತಿರುಗಿ ಅಂದೆ:

"ಇಟ್ಟಿದ್ದೆ ಅಂತಾನೇ ನೆನಪು ಅತ್ತಿಗೆ... ಇಲ್ಲ ಬಿಡಿ, ಮರ್ತಿರ್ತೀನಿ."

"ಹೋಗ್ಲಿ ಬಿಡು, ಜೀವ ಉಳೀತಲ್ಲ," ಅಂದೆ. ಅಷ್ಟೇ ಅಂದೆ! ವಠಾರಕ್ಕೆಲ್ಲ ಕೇಳುವಂಥ ಬಾಯಿ ನನ್ನದು.

ಆ ವಾರವೇ ನಿಮ್ಮಣ್ಣ ಶಿವಾಜಿನಗರದಿಂದ ಹೊಸ ಬ್ಯಾಟರಿ ತಂದು ಹಾಕಿಸಿದರು. ಕೀ ಮುಟ್ಟಿದರೆ ಸಾಕು, ಸ್ಟಾರ್ಟ್. ಇಳಿಜಾರೂ ಬೇಡ, ಕಲ್ಲೂ ಬೇಡ. ಯಾರೂ ಯಾವುದನ್ನೂ ಕೇಳಲಿಲ್ಲ. ನನಗೆ ಹಗುರವಾಯಿತು — ನಾಚಿಕೆಯಾಗುತ್ತದೆ, ಆದರೂ ನಿಜ.

ನಿನ್ನ ಕಾಲು ಕೂಡಿಕೊಂಡಿತು. ನೀನು ಮಾತ್ರ ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ಗ್ಯಾಸ್ ಆರಿಸಿ ಮತ್ತೆ ಹೋಗಿ ನೋಡುತ್ತೀಯ. ಬೀಗ ಹಾಕಿದ್ದು ಹೌದಾ ಅಂತ ಹೆಂಡತಿಯನ್ನು ಕೇಳುತ್ತೀಯ. ಮನೆಯವರೆಲ್ಲ ನಿನ್ನನ್ನು ಮರೆಗುಳಿ ಅಂತ ಕರೆದು ನಕ್ಕಾಗ ನಾನೂ ನಕ್ಕಿದ್ದೇನೆ. ಮೊನ್ನೆ ನಿನ್ನ ಮಗಳು ಸ್ಕೂಟರ್ ಕಲಿಸಪ್ಪಾ ಅಂದಳು. "ಬೇಡಮ್ಮ, ನನ್ನ ನಂಬ್ಕೊಂಡು ಕೂರ್ಬೇಡ," ಅಂದೆ ನೀನು. ಆ ಹುಡುಗಿ ತಲೆಯಾಡಿಸಿದಳು — ಅವಳೂ ನಂಬಿದ್ದಾಳೆ.

ಕ್ಷಮಿಸು ಅಂತ ಕೇಳುವುದಿಲ್ಲ. ಸಾಕಾಗಿದೆ ನನಗೆ, ಇದನ್ನು ಹೊತ್ತು. ಭಾನುವಾರ ಊಟಕ್ಕೆ ಎಲ್ಲರೂ ಸೇರುತ್ತಾರೆ. ಬೈದವರು, ನಕ್ಕವರು, ನಿನ್ನ ಮಗಳು — ಎಲ್ಲರೂ ಕೂತಿರುವಾಗಲೇ ಹೇಳುತ್ತೇನೆ, ನೀನು ಏನನ್ನೂ ಮರೆತಿರಲಿಲ್ಲ ಅಂತ.